ಗಡಿಯ ಎರಡು ಬದಿಯ ಸೇವೆ, ಒಂದೇ ಗ್ರಾಚ್ಯುಟಿ

ಗ್ರಾಚ್ಯುಟಿ ಎಂದರೆ ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿಗಳ ಜೊತೆಗೆ ಸಂಸ್ಥೆ ಪ್ರೀತಿಯಿಂದ ಕೊಡುವ ಕಾಣಿಕೆ ಎಂದು ತಿಳಿದಿರುವ ಆಡಳಿತ ಮಂಡಳಿಗಳು ಕೇರಳ–ಕರ್ನಾಟಕ ಕೂಡುವ ತಲಪಾಡಿ ಗಡಿಯ ಎರಡೂ ಬದಿಗಳಲ್ಲಿವೆ. ಹಾಗೆಯೇ ತಿಳಿದಿರುವ ಅಧ್ಯಾಪಕರೂ ಇದ್ದಾರೆ. ಅವರ ಸಂಖ್ಯೆಯೇ ಹೆಚ್ಚಿರಬೇಕು, ಇಲ್ಲದಿದ್ದರೆ ಮಂಡಳಿಗಳಿಗೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ನಾನು ನಿವೃತ್ತಳಾದಾಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯ ಪ್ರಕಾರ ಅದು ದುಡಿದವರ ಹಕ್ಕು. ಐದು ವರ್ಷ ನಿರಂತರ ಸೇವೆ ಮಾಡಿದವರಿಗೆ ಕೆಲಸ ಬಿಟ್ಟರೂ, ರಾಜೀನಾಮೆ ಕೊಟ್ಟರೂ, ನಿವೃತ್ತರಾದರೂ ಸಿಗಬೇಕಾದ ಹಣ. ಉದ್ಯೋಗಿ ತೀರಿಕೊಂಡರೆ ಐದು ವರ್ಷದ ನಿಯಮವೂ ಇಲ್ಲ. ಈ ಹಣಕ್ಕಾಗಿ ನಾನು ಹತ್ತಿದ ಮೆಟ್ಟಿಲುಗಳ ಬಗ್ಗೆ ಬರೆಯಬೇಕೆಂದು ಹಳೆಯ ಸಹೋದ್ಯೋಗಿಗಳು ಹೇಳುತ್ತಲೇ ಇದ್ದರು. ಪ್ರಕರಣ ಮುಗಿದ ಮೇಲೆ ಬರೆಯುವುದೇ ಲೇಸು ಎಂದು ಇಷ್ಟು ದಿನ ತಡೆದಿದ್ದೆ.

2003ರ ಅಕ್ಟೋಬರಿನಲ್ಲಿ ಕಾಸರಗೋಡು ಜಿಲ್ಲೆಯ ಒಂದು ಸ್ವಾಶ್ರಯ (ಸರ್ಕಾರದ ಅನುದಾನವಿಲ್ಲದ) ಕಾಲೇಜಿಗೆ ವಾಣಿಜ್ಯ ವಿಭಾಗದ ಉಪನ್ಯಾಸಕಿಯಾಗಿ ಸೇರಿದೆ. ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜು. ಅದನ್ನು ನಡೆಸುವ ಟ್ರಸ್ಟಿಗೆ ಮಂಗಳೂರಿನ ಕಡೆಯೂ ಸಂಸ್ಥೆಗಳಿದ್ದವು. ಅವು ಒಂದು ಡೀಮ್ಡ್ ವಿಶ್ವವಿದ್ಯಾಲಯದ ಅಂಗಗಳು. 2011ರ ಜೂನಿನಲ್ಲಿ ಟ್ರಸ್ಟಿನವರೇ ನನ್ನನ್ನು ಆ ಕಡೆಗೆ ವರ್ಗ ಮಾಡಿದರು. ಮನೆ ಕುಂಬಳೆಯಲ್ಲೇ ಉಳಿಯಿತು. ಬೆಳಿಗ್ಗೆ ಬಸ್ ಹಿಡಿದು ಉಪ್ಪಳ, ಹೊಸಂಗಡಿ, ತಲಪಾಡಿ ದಾಟಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬರುವುದು. ನಮ್ಮ ಕಡೆಯ ಎಷ್ಟೋ ಮಂದಿಯ ಬದುಕು ಇದೇ ಆದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲ. 2023ರ ಮೇ 31ರಂದು ನಿವೃತ್ತಳಾದೆ. ಒಟ್ಟು ಹತ್ತೊಂಬತ್ತು ವರ್ಷ ಎಂಟು ತಿಂಗಳ ಸೇವೆ.

ನಿವೃತ್ತಿಯಾಗಿ ಸ್ವಲ್ಪ ದಿನದಲ್ಲೇ ಸಂಸ್ಥೆಯ ಲೆಕ್ಕಪತ್ರ ವಿಭಾಗದಿಂದ ಒಂದು ಹಾಳೆ ಬಂತು. ಮೇಲೆ ನನ್ನ ಹೆಸರು, ಕೆಳಗೆ ಒಂದು ಮೊತ್ತ, ಅದರ ಕೆಳಗೆ ‘ಪೂರ್ಣ ಮತ್ತು ಅಂತಿಮವಾಗಿ ಸ್ವೀಕರಿಸಿದ್ದೇನೆ’ ಎಂಬ ಸಾಲು, ಸಹಿಗೆ ಜಾಗ. ಲೆಕ್ಕ ಕಲಿಸಿಯೇ ಸಂಬಳ ತೆಗೆದುಕೊಂಡವಳಿಗೆ ಆ ಮೊತ್ತ ಹೇಗೆ ಬಂತೆಂದು ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಸಂಬಳವನ್ನು ಊರಿಗೆಲ್ಲ ಸಾರುವ ಇಚ್ಛೆಯಿಲ್ಲ. ಭಾಗಿಸಲು ಸುಲಭವಾಗಲೆಂದು ಕೊನೆಯ ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 39,000 ರೂಪಾಯಿ ಎಂದಿಟ್ಟುಕೊಳ್ಳಿ. ಕಾಯ್ದೆಯ ಸೂತ್ರದಲ್ಲಿ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ತಿಂಗಳಲ್ಲಿ ನಾಲ್ಕು ಭಾನುವಾರ ಕಳೆದರೆ ಉಳಿಯುವ ಕೆಲಸದ ದಿನಗಳು 26 ಎಂಬುದು ಅದರ ಹಿಂದಿನ ಎಣಿಕೆ. ಅಲ್ಲಿಗೆ ವರ್ಷಕ್ಕೆ 22,500. ಆರು ತಿಂಗಳಿಗಿಂತ ಹೆಚ್ಚಿನ ಭಾಗವನ್ನು ಪೂರ್ಣ ವರ್ಷವೆಂದು ಎಣಿಸಬೇಕಾದ್ದರಿಂದ ನನ್ನದು 20 ವರ್ಷ. ಒಟ್ಟು 4,50,000 ರೂಪಾಯಿ. ಸಂಸ್ಥೆ 26ರ ಬದಲು 30ರಿಂದ ಭಾಗಿಸಿತ್ತು, 20ರ ಬದಲು 12ರಿಂದ ಗುಣಿಸಿತ್ತು. ಬಂದ ಮೊತ್ತ 2,34,000. ವ್ಯತ್ಯಾಸ 2,16,000 ರೂಪಾಯಿ. ಎರಡು ಅಂಕಿಗಳನ್ನು ಬದಲಾಯಿಸಿದರೆ ಹೆಚ್ಚುಕಡಿಮೆ ಅರ್ಧ ಹಣ ಮಾಯ!

12 ಎಲ್ಲಿಂದ ಬಂತು? 2011ರಿಂದ 2023. ಅಂದರೆ ಗಡಿಯ ಈಚೆ, ಕಾಸರಗೋಡಿನಲ್ಲಿ, ನಾನು ಪಾಠ ಮಾಡಿದ್ದೇ ಸುಳ್ಳು ಎಂದಾಯಿತು.

ವಿದ್ಯಾನಗರದಲ್ಲಿ ನ್ಯಾಯಾಲಯದ ಹತ್ತಿರ ಕಚೇರಿ ಇಟ್ಟುಕೊಂಡಿರುವ ಹಿರಿಯ ವಕೀಲೆಯೊಬ್ಬರನ್ನು ಕಂಡೆ. ಅವರು ಉದ್ಯೋಗಿಗಳ ಪರವಾಗಿಯೂ ವಾದಿಸುತ್ತಾರೆ, ಕಾಲೇಜುಗಳ ಆಡಳಿತ ಮಂಡಳಿಗಳಿಗೂ ಸಲಹೆ ಕೊಡುತ್ತಾರೆ ಎಂದು ಕೇಳಿ ಮೊದಲು ಸ್ವಲ್ಪ ಹಿಂಜರಿಕೆಯಾಗಿತ್ತು. ಕಡೆಗೆ ಅದೇ ಅನುಕೂಲಕ್ಕೆ ಬಂತು. ಎದುರಿನವರು ಯಾವ ಕಾಗದ ತರುತ್ತಾರೆಂದು ಅವರಿಗೆ ಮುಂಚೆಯೇ ಗೊತ್ತಿರುತ್ತಿತ್ತು. ಮೊದಲ ಭೇಟಿಯಲ್ಲಿ ಅವರು ನನ್ನ ದೂರನ್ನು ಪೂರ್ತಿ ಕೇಳಲೂ ಇಲ್ಲ.

“ಟೀಚರ್, ಕಥೆ ಆಮೇಲೆ ಹೇಳಿ. ನೇಮಕಾತಿ ಪತ್ರ, ವರ್ಗಾವಣೆ ಆದೇಶ, ಭವಿಷ್ಯ ನಿಧಿಯ ಪಾಸ್‌ಬುಕ್ ಇವೆಯೇ?” ಎಂದು ಕೇಳಿದರು.

ಎಲ್ಲವೂ ಇದ್ದವು. ನಮ್ಮ ಮನೆಯಲ್ಲಿ ವಿದ್ಯುತ್ ಬಿಲ್ಲನ್ನೂ ಎಸೆಯದ ಪದ್ಧತಿ. ಅದಕ್ಕೆ ಮಕ್ಕಳಿಂದ ಕೇಳಿಸಿಕೊಂಡ ಮಾತುಗಳಿಗೆ ಲೆಕ್ಕವಿಲ್ಲ.

ಅವರ ಮೊದಲ ಸಲಹೆ ನನಗೆ ಹಿಡಿಸಲಿಲ್ಲ. ಕೊಡುವ ಹಣವನ್ನು ತೆಗೆದುಕೊಳ್ಳಿ ಎಂದರು. ತೆಗೆದುಕೊಂಡರೆ ಒಪ್ಪಿಕೊಂಡಂತಾಗುವುದಿಲ್ಲವೇ ಎಂಬುದು ನನ್ನ ಆತಂಕ. “ಪೂರ್ಣ ಮತ್ತು ಅಂತಿಮ ಎಂಬ ಸಾಲನ್ನು ಹೊಡೆದುಹಾಕಿ, ‘ಆಕ್ಷೇಪಣೆಗೆ ಒಳಪಟ್ಟು ಭಾಗಶಃ ಸ್ವೀಕರಿಸಿದ್ದೇನೆ’ ಎಂದು ಕೈಯಲ್ಲೇ ಬರೆದು ಸಹಿ ಹಾಕಿ. ಈ ಕಾಯ್ದೆಗೆ ವಿರುದ್ಧವಾದ ಯಾವ ಕರಾರೂ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಹಸಿದುಕೊಂಡು ಹೋರಾಡುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ” ಎಂದರು. ಹಾಗೆಯೇ ಮಾಡಿದೆ. ಜೊತೆಗೆ ‘ಐ’ ನಮೂನೆಯಲ್ಲಿ ಪೂರ್ತಿ ಮೊತ್ತಕ್ಕೆ ಅರ್ಜಿ ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿದೆ. ಅರ್ಜಿ ಬಂದರೂ ಬಾರದಿದ್ದರೂ ಗ್ರಾಚ್ಯುಟಿ ಲೆಕ್ಕ ಹಾಕಿ ಉದ್ಯೋಗಿಗೆ ತಿಳಿಸುವುದು ಮಾಲೀಕರ ಹೊಣೆ, ಮೂವತ್ತು ದಿನದೊಳಗೆ ಕೊಡಬೇಕು ಎಂದು ಕಾಯ್ದೆಯಲ್ಲಿದೆ. ಆದರೂ ಅರ್ಜಿ ಹಾಕಿಬಿಡುವುದು ಒಳ್ಳೆಯದು. ಮುಂದೆ ‘ಅವರು ಕೇಳಲೇ ಇಲ್ಲ’ ಎಂಬ ಮಾತಿಗೆ ಎಡೆಯಿರುವುದಿಲ್ಲ. ನನ್ನ ಅರ್ಜಿಗೆ ಉತ್ತರ ಬರಲಿಲ್ಲ. ಉತ್ತರ ಬಾರದಿರುವುದು ಕೂಡ ಮುಂದಿನ ಮೆಟ್ಟಿಲಿಗೆ ಸಾಕಾಗುವ ಕಾರಣ.

ಮುಂದಿನ ಮೆಟ್ಟಿಲು ‘ಎನ್’ ನಮೂನೆ. ಗ್ರಾಚ್ಯುಟಿಯ ತಕರಾರು ತೀರ್ಮಾನಿಸಲು ಕಾಯ್ದೆಯಡಿ ನೇಮಕವಾದ ನಿಯಂತ್ರಣ ಪ್ರಾಧಿಕಾರಿಗೆ ತೊಂಬತ್ತು ದಿನದೊಳಗೆ ಕೊಡಬೇಕಾದ ಅರ್ಜಿ. ತಡವಾದರೆ ಸಕಾರಣ ತೋರಿಸಬೇಕಾಗುತ್ತದೆ. ಈ ಪ್ರಾಧಿಕಾರಿ ಯಾರು, ಎಲ್ಲಿ ಕುಳಿತಿರುತ್ತಾರೆ ಎಂಬುದೇ ಗಡಿನಾಡಿನವರಿಗೆ ದೊಡ್ಡ ಪ್ರಶ್ನೆ. ನಾನು ಕೇರಳದ ನಿವಾಸಿ, ಮೊದಲ ಎಂಟು ವರ್ಷ ಕೆಲಸ ಕೇರಳದಲ್ಲಿ, ಉಳಿದದ್ದು ಕರ್ನಾಟಕದಲ್ಲಿ. ಕಾಸರಗೋಡಿನ ಜಿಲ್ಲಾ ಕಾರ್ಮಿಕ ಕಚೇರಿಯಲ್ಲಿ ವಿಚಾರಿಸಿದೆ. ಅರ್ಜಿಯನ್ನು ಕನ್ನಡದಲ್ಲಿ ಕೊಡಲು ನಮಗಿಲ್ಲಿ 1969ರ ರಾಜ್ಯ ಅಧಿಕೃತ ಭಾಷಾ ಕಾಯ್ದೆಯ ಬಲವಿದೆ, ಅದರಲ್ಲಿ ತಕರಾರು ಬರಲಿಲ್ಲ. ಆದರೆ ಅಲ್ಲಿದ್ದ ಅಧಿಕಾರಿ ಸೌಜನ್ಯದಿಂದಲೇ, ಇದು ತಮ್ಮ ವ್ಯಾಪ್ತಿಗೆ ಬರುವಂತೆ ಕಾಣುವುದಿಲ್ಲ, ಕೊನೆಗೆ ಕೆಲಸ ಮಾಡಿದ ಜಾಗದಲ್ಲಿ ಕೇಳಿ ಎಂದರು. ದಕ್ಷಿಣ ಕನ್ನಡದ ಕಡೆ ಪರಿಚಯದವರ ಮೂಲಕ ಕೇಳಿದರೆ, ಮೊದಲಿನ ಎಂಟು ವರ್ಷ ಕೇರಳದ್ದಲ್ಲವೇ, ಅದನ್ನು ಅಲ್ಲೇ ಕೇಳಿ ಎಂಬ ಉತ್ತರ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸುವಾಗ ಎಳೆದ ಗೆರೆ ನನ್ನ ಗ್ರಾಚ್ಯುಟಿಯನ್ನೂ ಎರಡು ಹೋಳು ಮಾಡಿತ್ತು.

ವಕೀಲೆ ಕಾಯ್ದೆಯ ಎರಡನೆಯ ಸೆಕ್ಷನ್ ತೆರೆದು ತೋರಿಸಿದರು. ಯಾವ ಸಂಸ್ಥೆಗೆ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಶಾಖೆಗಳಿವೆಯೋ, ಅದರ ಮಟ್ಟಿಗೆ ‘ಸೂಕ್ತ ಸರ್ಕಾರ’ ಎಂದರೆ ಕೇಂದ್ರ ಸರ್ಕಾರ. ಅಂದರೆ ಎರಡೂ ರಾಜ್ಯಗಳ ಕಾರ್ಮಿಕ ಇಲಾಖೆಗಳನ್ನು ಬಿಟ್ಟು, ಮಂಗಳೂರಿನಲ್ಲಿರುವ ಕೇಂದ್ರದ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಹೋಗಬೇಕು. ಓದಿದಾಗ ಎಷ್ಟು ಸರಳವಾಗಿತ್ತೆಂದರೆ, ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ ಎಂದು ಸಿಟ್ಟು ಬಂತು. ಬ್ಯಾಂಕು, ವಿಮೆಯಂತಹ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ, ಕಾಲೇಜಿಗೆ ಅಲ್ಲ ಎಂದು ನಮ್ಮ ಕಡೆ ಎಷ್ಟೋ ಜನ ಈಗಲೂ ತಿಳಿದಿದ್ದಾರೆ.

ಆದರೆ ಎರಡು ಕಾಲೇಜುಗಳು ಒಂದೇ ಸಂಸ್ಥೆಯ ಶಾಖೆಗಳೆಂದು ತೋರಿಸಬೇಕಲ್ಲ? ಟ್ರಸ್ಟಿನವರು ಬೇರೆ ಬೇರೆ ಎನ್ನುತ್ತಾರೆ ಎಂದು ವಕೀಲೆಗೆ ಖಾತ್ರಿಯಿತ್ತು. ಹಾಗೆಯೇ ಆಯಿತು. ಅದಕ್ಕೆ ಉತ್ತರವಾಗಿ ನಾವು ಇಟ್ಟದ್ದು ಮೂರು ಕಾಗದ. 2011ರ ಆದೇಶದಲ್ಲಿ ‘ವರ್ಗಾವಣೆ’ ಎಂದೇ ಇತ್ತು, ರಾಜೀನಾಮೆ ಪಡೆದು ಹೊಸದಾಗಿ ನೇಮಿಸಿದ್ದಲ್ಲ. ಎರಡೂ ಕಡೆಯ ಸಂಬಳದ ಚೀಟಿಗಳಲ್ಲಿ ಸಹಿ ಟ್ರಸ್ಟಿನ ಒಬ್ಬರೇ ಅಧಿಕಾರಿಯದು. ಮತ್ತು ಭವಿಷ್ಯ ನಿಧಿಯ ನನ್ನ ಖಾತೆ ಗಡಿ ದಾಟಿದ ಮೇಲೂ ಅದೇ ಸಂಖ್ಯೆಯಲ್ಲಿ, ಸಂಸ್ಥೆಯ ಅದೇ ಸಂಕೇತದಡಿ ಮುಂದುವರಿದಿತ್ತು. ನಾನು ಬೇರೆ ಸಂಸ್ಥೆಗೆ ಹೋದವಳಾಗಿದ್ದರೆ ಖಾತೆಯೂ ಬೇರೆಯಾಗುತ್ತಿತ್ತು. ಖಾಸಗಿ ಕಾಲೇಜಿನಲ್ಲಿರುವ ಕಿರಿಯರಿಗೆ ನಾನು ಒತ್ತಿ ಹೇಳುವುದು ಈ ಪಾಸ್‌ಬುಕ್ಕಿನ ಬಗ್ಗೆಯೇ. ಸಂಸ್ಥೆ ಆಮೇಲೆ ಏನೇ ಹೇಳಲಿ, ತಿಂಗಳು ತಿಂಗಳು ತಾನೇ ಕಟ್ಟಿದ ಹಣದ ದಾಖಲೆಯನ್ನು ಅಳಿಸಲು ಅದಕ್ಕೆ ಬರುವುದಿಲ್ಲ.

ವಿಚಾರಣೆ ಶುರುವಾದಾಗ ಎದುರು ಪಕ್ಷದ ವಕೀಲರು ಎತ್ತಿದ ಮೊದಲ ಮಾತು ಕೇಳಿ ನಮ್ಮವರು ಮುಗುಳ್ನಕ್ಕರು. ಅಧ್ಯಾಪಕರು ಈ ಕಾಯ್ದೆಯ ಅರ್ಥದಲ್ಲಿ ‘ಉದ್ಯೋಗಿ’ಗಳೇ ಅಲ್ಲ, ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ ಎಂದು ಅವರ ವಾದ. ಹೇಳಿದ್ದು ನಿಜ. 1997ರ ಏಪ್ರಿಲ್ 3ರ ಅಧಿಸೂಚನೆಯಿಂದ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಶಿಕ್ಷಣ ಸಂಸ್ಥೆಗಳಿಗೆ ಕಾಯ್ದೆ ಅನ್ವಯವಾಗಿತ್ತು. ಆದರೆ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘದ ಪ್ರಕರಣದಲ್ಲಿ 2004ರ ಜನವರಿಯಲ್ಲಿ ಬಂದ ತೀರ್ಪು, ಅಂದಿನ ವ್ಯಾಖ್ಯಾನದೊಳಗೆ ಶಿಕ್ಷಕರು ಬರುವುದಿಲ್ಲ ಎಂದಿತು. ಕಚೇರಿಯ ಗುಮಾಸ್ತರಿಗೆ, ಜವಾನರಿಗೆ ಗ್ರಾಚ್ಯುಟಿ ಉಂಟು, ಪಾಠ ಹೇಳುವವರಿಗೆ ಇಲ್ಲ ಎಂಬ ವಿಚಿತ್ರ ಸ್ಥಿತಿ. ಸಂಸತ್ತು 2009ರಲ್ಲಿ ವ್ಯಾಖ್ಯಾನವನ್ನೇ ತಿದ್ದಿ, ತಿದ್ದುಪಡಿಯನ್ನು 1997ರ ಅದೇ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಜಾರಿ ಮಾಡಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನನ್ನ ನಿವೃತ್ತಿಗೆ ಮೊದಲೇ ಮುಗಿದುಹೋದ ಚರ್ಚೆ ಅದು. ಅಧಿಕಾರಿ ಆ ತೀರ್ಪಿನ ಪ್ರತಿಯನ್ನು ಕಡತಕ್ಕೆ ಸೇರಿಸಿಕೊಂಡು ಮುಂದಿನ ತಾರೀಕು ಕೊಟ್ಟರು. ಮುಂದಿನ ತಾರೀಕು, ಅದರ ಮುಂದಿನ ತಾರೀಕು. ಅದನ್ನೆಲ್ಲ ಬರೆದು ಓದುವವರಿಗೂ ಬೇಸರ ತರಿಸುವುದಿಲ್ಲ.

ನಿಜವಾದ ಜಗಳ ನಡೆದದ್ದು ‘ನಿರಂತರ ಸೇವೆ’ಯ ಮೇಲೆ. ಕಾಸರಗೋಡಿನ ಕಾಲೇಜಿನಲ್ಲಿದ್ದಾಗ ಪ್ರತಿ ಜೂನಿನಲ್ಲಿ ಹೊಸ ನೇಮಕಾತಿ ಪತ್ರ, ಮಾರ್ಚಿನ ಕೊನೆಗೆ ಬಿಡುಗಡೆ ಪತ್ರ. ಬೇಸಿಗೆ ರಜೆಯ ಸಂಬಳ ಉಳಿಸಲು ಕಂಡುಹಿಡಿದ ಉಪಾಯ. ಇದನ್ನು ಮಾಡದ ಸ್ವಾಶ್ರಯ ಕಾಲೇಜು ಆಗ ಅಪರೂಪ. ಅದೇ ಪತ್ರಗಳನ್ನು ತಂದಿಟ್ಟು, ಈಕೆಯ ಸೇವೆ ವರ್ಷ ವರ್ಷಕ್ಕೂ ತುಂಡಾಗಿದೆ ಎಂದರು. ಕಾಯ್ದೆಯ 2ಎ ಸೆಕ್ಷನ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಉದ್ಯೋಗಿಯ ತಪ್ಪಿಲ್ಲದೆ ಕೆಲಸ ನಿಂತಿದ್ದರೆ ಸೇವೆ ಮುರಿಯುವುದಿಲ್ಲ ಎಂಬುದು ಒಂದು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷವನ್ನು ನಿರಂತರವೆಂದೇ ಎಣಿಸಬೇಕು ಎಂಬುದು ಇನ್ನೊಂದು. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ಕೆಲಸವಿರುವ ಕಡೆ 190 ದಿನ ಸಾಕು. ನಮ್ಮ ಕಾಲೇಜಿನಲ್ಲಿ ಶನಿವಾರವೂ ತರಗತಿ.

ಇಲ್ಲಿ ನನ್ನ ಕೈ ಹಿಡಿದದ್ದು ಮೌಲ್ಯಮಾಪನದ ಆದೇಶಗಳು. ಏಪ್ರಿಲ್, ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಮೌಲ್ಯಮಾಪನ ಶಿಬಿರಕ್ಕೆ ಹೋಗುತ್ತಿದ್ದೆ. ಆ ಆದೇಶಗಳಲ್ಲಿ ನನ್ನ ಹೆಸರಿನ ಮುಂದೆ ಕಾಲೇಜಿನ ಹೆಸರು, ಹುದ್ದೆ ಎರಡೂ ಇದ್ದವು. ಹೋಗಲು ಅನುಮತಿ ಕೊಟ್ಟು ಸಹಿ ಮಾಡಿದವರು ನಮ್ಮ ಪ್ರಾಂಶುಪಾಲರು. ಮಾರ್ಚ್ 31ಕ್ಕೆ ಬಿಡುಗಡೆ ಮಾಡಿದವರನ್ನು ಏಪ್ರಿಲಿನಲ್ಲಿ ಮೌಲ್ಯಮಾಪನಕ್ಕೆ ಕಳುಹಿಸಿದ್ದು ಹೇಗೆ ಎಂದು ವಕೀಲೆ ಪಾಟೀಸವಾಲಿನಲ್ಲಿ ಕೇಳಿದಾಗ, ಸಂಸ್ಥೆಯ ಪರವಾಗಿ ಬಂದಿದ್ದ ಆಡಳಿತಾಧಿಕಾರಿ ಕಡತ ನೋಡಿ ಹೇಳುತ್ತೇನೆ ಎಂದರು. ಕಡತ ನೋಡಿದ ಮೇಲೂ ಹೇಳಲಿಲ್ಲ.

ಅದು ಸಾಲದೆಂದು 2020ನೆಯ ಇಸವಿಯನ್ನು ಹಿಡಿದರು. ಆ ಮಾರ್ಚಿನಲ್ಲಿ ಕರ್ನಾಟಕ ಗಡಿಯನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನಮ್ಮ ಜಿಲ್ಲೆಯವರು ಯಾರೂ ಮರೆಯಲಾರರು. ಆಸ್ಪತ್ರೆಗೆ ಹೋಗಬೇಕಾದವರೇ ತಲಪಾಡಿಯಲ್ಲಿ ನಿಂತರು. ಕೇರಳ ಉಚ್ಚ ನ್ಯಾಯಾಲಯ ಮಧ್ಯೆ ಬರಬೇಕಾಯಿತು. ಮರುವರ್ಷ ಆರ್‌ಟಿ–ಪಿಸಿಆರ್ ಚೀಟಿಯಿಲ್ಲದೆ ಗಡಿ ದಾಟುವಂತಿರಲಿಲ್ಲ. ಆ ತಿಂಗಳುಗಳ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಖಾಲಿ ಇದೆ, ಆದ್ದರಿಂದ ಗೈರು ಎಂಬುದು ಸಂಸ್ಥೆಯ ವಾದ. ಕುಂಬಳೆಯ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಮಾಡಿ, ವಾರ ವಾರ ವಿದ್ಯಾರ್ಥಿಗಳ ಹಾಜರಿಯನ್ನು ಇ–ಮೇಲಿನಲ್ಲಿ ಕಳುಹಿಸಿದ್ದೆ. ಅವನ್ನೆಲ್ಲ ಮುದ್ರಿಸಿ ಕೊಟ್ಟೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿಯನ್ನು ಸಂಸ್ಥೆಯೇ ತಯಾರಿಸಿಟ್ಟಿತ್ತು. ಆ ತಿಂಗಳುಗಳಲ್ಲಿ ನಮಗೆ ಅರ್ಧ ಸಂಬಳ ಕೊಟ್ಟಿದ್ದರು. ಅರ್ಧ ಕೊಟ್ಟರೆಂದು ಅಂದು ಗೊಣಗಿದ್ದೆವು. ಗೈರಾದವಳಿಗೆ ಅರ್ಧ ಸಂಬಳವಾದರೂ ಯಾಕೆ ಕೊಟ್ಟಿರಿ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲ.

ಕಾಯುವ ಹೊತ್ತಿನಲ್ಲಿ ವಕೀಲೆಯ ಜೊತೆ ಮಾತನಾಡಿ ತಿಳಿದ ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ವಿಶ್ವವಿದ್ಯಾಲಯಗಳು ತಮ್ಮ ಮೇಲಧಿಕಾರಿಗಳನ್ನು ನೇಮಿಸುವಾಗ ಕರಾರು ಪತ್ರವನ್ನು ವಕೀಲರಿಂದಲೇ ಬರೆಸುತ್ತವಂತೆ. ಸರ್ಕಾರಿ ವಿಶ್ವವಿದ್ಯಾಲಯದ ಕುಲಪತಿಗಾದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ತಿಂಗಳಿಗೆ 2,10,000 ರೂಪಾಯಿ, ಜೊತೆಗೆ 11,250 ರೂಪಾಯಿ ವಿಶೇಷ ಭತ್ಯೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿದೆ. ಖಾಸಗಿಯವರಲ್ಲಿ ಅದು ಎರಡು ಪಕ್ಷಗಳ ನಡುವಿನ ಕರಾರು. ಕಾರು, ಮನೆ, ಬಳಸದೆ ಉಳಿದ ರಜೆಯ ನಗದೀಕರಣ, ಅವಧಿಗೆ ಮೊದಲೇ ಬಿಡಿಸಿದರೆ ಎಷ್ಟು ತಿಂಗಳ ಸಂಬಳ ಎಂಬುದೆಲ್ಲ ಅದರಲ್ಲಿರುತ್ತದೆ. ಗ್ರಾಚ್ಯುಟಿಗೆ ಕಾಯ್ದೆಯಲ್ಲಿ 2018ರ ಮಾರ್ಚ್ 29ರಿಂದ 20 ಲಕ್ಷದ ಮಿತಿಯಿದೆ. ಅದಕ್ಕೆ ಮೊದಲು 10 ಲಕ್ಷ. ಆದರೆ ಇದು ಕಡ್ಡಾಯದ ಮಿತಿ ಮಾತ್ರ. ಕರಾರಿನಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತೇವೆಂದು ಬರೆದರೆ ಉದ್ಯೋಗಿಗೆ ಅದೂ ಹಕ್ಕೇ. 20 ಲಕ್ಷ ದಾಟಿದ ಭಾಗಕ್ಕೆ ಆದಾಯ ತೆರಿಗೆ ಬೀಳುತ್ತದೆ ಅಷ್ಟೇ. “ಅವರ ಕರಾರು ಹತ್ತಾರು ಪುಟ ಇರುತ್ತದೆ ಟೀಚರ್. ನಿಮ್ಮದು ಅರ್ಧ ಪುಟ. ಅದರಲ್ಲೂ ‘ಆಡಳಿತ ಮಂಡಳಿಯ ನಿಯಮಗಳಿಗೆ ಬದ್ಧ’ ಎಂಬ ಸಾಲೇ ಮುಖ್ಯ. ಆ ನಿಯಮಗಳನ್ನು ನೀವು ಯಾವತ್ತಾದರೂ ಓದಲು ಕೇಳಿದ್ದುಂಟೇ?” ಎಂದರು. ಕೇಳಿದ್ದೆ. ಕಚೇರಿಯಲ್ಲಿದೆ, ಹೊರಗೆ ಕೊಡುವುದಿಲ್ಲ ಎಂದಿದ್ದರು.

ಆದೇಶ ನನ್ನ ಪರವಾಗಿ ಬಂತು. 20 ವರ್ಷ, 26ರ ಭಾಗಾಕಾರ, ಬಾಕಿ ಮೊತ್ತ, ಅದರ ಮೇಲೆ ಸಲ್ಲಬೇಕಾದ ದಿನದಿಂದ ವರ್ಷಕ್ಕೆ ಶೇಕಡ 10ರ ಸರಳ ಬಡ್ಡಿ. ಮೇಲಿನ ಉದಾಹರಣೆಯ 2,16,000ಕ್ಕೆ ತಿಂಗಳಿಗೆ 1,800 ರೂಪಾಯಿ. ಸಂಸ್ಥೆ ಮೇಲ್ಮನವಿ ಹಾಕುತ್ತದೆಂದು ಗಾಳಿಸುದ್ದಿ ಬಂತು. ಮೇಲ್ಮನವಿಗೆ ಅರವತ್ತು ದಿನವಿದೆ, ಆದರೆ ಮಾಲೀಕರು ಆದೇಶದ ಮೊತ್ತವನ್ನು ಮೊದಲು ಠೇವಣಿ ಇಟ್ಟ ಮೇಲೆಯೇ ಅದನ್ನು ದಾಖಲಿಸಿಕೊಳ್ಳುವುದು. ಕಾಯ್ದೆ ಬರೆದವರು ಈ ಒಂದು ಸಾಲಿಗಾಗಿ ಪುಣ್ಯ ಕಟ್ಟಿಕೊಂಡಿದ್ದಾರೆ. ಹಣ ಹೇಗೂ ಕೈಬಿಡುವುದಾದರೆ ವಕೀಲರ ಶುಲ್ಕ ಬೇರೆ ಯಾಕೆ ಎಂದು ಯಾರೋ ಲೆಕ್ಕ ಹಾಕಿರಬೇಕು, ಮೇಲ್ಮನವಿ ಬರಲಿಲ್ಲ. ಹಣವೂ ಸುಮ್ಮನೆ ಬರಲಿಲ್ಲ. ‘ಟಿ’ ನಮೂನೆಯಲ್ಲಿ ವಸೂಲಿಗೆ ಅರ್ಜಿ ಕೊಟ್ಟರೆ ಪ್ರಾಧಿಕಾರಿಯ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಗುತ್ತದೆ, ಅವರು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಾರೆ, ಆಗ ಚಕ್ರಬಡ್ಡಿ ಎಂದು ವಕೀಲೆ ಒಂದು ಪತ್ರ ಬರೆದ ಮೇಲೆ ಬ್ಯಾಂಕ್ ಖಾತೆಗೆ ಜಮೆಯಾಯಿತು.

ಈಗ ನಿವೃತ್ತರಾಗುವವರಿಗೆ ಒಂದು ಮಾತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗವನ್ನು ತೆಗೆದುಕೊಂಡಿದೆ. ನಿಗದಿತ ಅವಧಿಗೆ ನೇಮಕವಾದವರಿಗೆ ಐದು ವರ್ಷ ಕಾಯದೆ ಗ್ರಾಚ್ಯುಟಿ ಸಿಗುತ್ತದೆ, ಒಂದು ವರ್ಷದ ಸೇವೆ ಸಾಕು. ಭತ್ಯೆಗಳನ್ನು ಉಬ್ಬಿಸಿ ಮೂಲವೇತನವನ್ನು ಕುಗ್ಗಿಸುವ ಚಾಳಿಗೂ ಕಡಿವಾಣವಿದೆ: ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ನನ್ನ ಅನುಭವದ ನಮೂನೆಗಳ ಹೆಸರನ್ನೇ ಹಿಡಿದು ಹೋಗಬೇಡಿ, ಹೊಸ ನಿಯಮಗಳನ್ನು ನೋಡಿಕೊಂಡು ಹೋಗಿ.

ರಜೆಯ ನಗದೀಕರಣದ ವಿಷಯ ಹಾಗೆಯೇ ಉಳಿದಿದೆ. ಗ್ರಾಚ್ಯುಟಿಗೆ ಕಾಯ್ದೆಯ ಬಲವಿದೆ, ಇದಕ್ಕೆ ಸಂಸ್ಥೆಯ ಸೇವಾ ನಿಯಮಗಳೇ ಆಧಾರ ಎಂದು ವಕೀಲೆ ಮೊದಲ ದಿನವೇ ಹೇಳಿದ್ದರು. ವಿಚಾರಣೆಯಲ್ಲಿ ಆ ನಿಯಮಗಳ ಪುಸ್ತಕ ಕೊನೆಗೂ ಹೊರಗೆ ಬಂತು; ನೋಡಿದರೆ ನಗದೀಕರಣ ‘ಅಧಿಕಾರಿಗಳಿಗೆ’ ಎಂದಿದೆ, ಅಧ್ಯಾಪಕರ ಮಾತೇ ಇಲ್ಲ. ಆದರೂ ಒಂದು ಮನವಿ ಕೊಟ್ಟಿದ್ದೇನೆ, ನನ್ನ ನಂತರ ನಿವೃತ್ತರಾದ ಇಬ್ಬರು ಸಹೋದ್ಯೋಗಿಗಳೂ ಸಹಿ ಹಾಕಿದ್ದಾರೆ. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿದ್ದೇವೆ ಎಂಬ ಉತ್ತರ ಬಂದಿದೆ. ಸಭೆ ಯಾವಾಗ ಎಂದು ಬರೆದಿಲ್ಲ.